ಪುಟ ಪಕ್ಕಕ್ಕೆ ಜಾರುತ್ತಿದೆಯೇ? ರೋ ಎಲ್ಲಿದೆ ನೋಡಿ
(ಓದುಗರ ವೆಬ್ ವಿನ್ಯಾಸ ಪ್ರಶ್ನೆಗಳು)

ಪ್ರಶ್ನೆ: ಕಿನ್ನಾಳ ಗೊಂಬೆ ಮಾರಲು, ಪುಟ ವಿನ್ಯಾಸದ ಸಿದ್ಧ ಕೋಡ್ ಸಂಗ್ರಹವಾದ ಬೂಟ್‌ಸ್ಟ್ರಾಪ್ ಬಳಸಿ ವೆಬ್‌ಸೈಟ್ ಮಾಡಿದ್ದೇವೆ. ಕಂಪ್ಯೂಟರಿನಲ್ಲಿ ಸರಿ ಇದೆ. ಮೊಬೈಲಿನಲ್ಲಿ ಅಕ್ಷರ ತೀರಾ ಸಣ್ಣ, ಪುಟ ಪಕ್ಕಕ್ಕೆ ಜಾರುತ್ತದೆ, ಗೊಂಬೆಗಳ ಕಾರ್ಡು ಒಂದು ಉದ್ದ, ಒಂದು ಗಿಡ್ಡ.
– ಓದುಗರು, ಕೊಪ್ಪಳ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ಅಕ್ಷರ ಸಣ್ಣದಾಗಿದ್ದರೆ ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟದ ಅಗಲ ಎಷ್ಟೆಂದು ಬ್ರೌಸರಿಗೆ ಹೇಳುವ ಸಾಲು) ಬಿಟ್ಟುಹೋಗಿರುತ್ತದೆ. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ವಿಡ್ತ್‌ಗೆ ‘ಡಿವೈಸ್-ವಿಡ್ತ್’, ಇನಿಷಿಯಲ್-ಸ್ಕೇಲ್‌ಗೆ 1 ಕೊಡಿ.

ಪುಟ ಜಾರುವುದು ರೋ, ಅಂದರೆ ಕಾರ್ಡುಗಳನ್ನು ಸಾಲಾಗಿ ಜೋಡಿಸುವ ಡಬ್ಬಿ (ಡಿವ್) ಕಡೆಯಿಂದ. ‘ರೋ’ ಕ್ಲಾಸಿಗೆ ಎಡಬಲ 12 ಪಿಕ್ಸೆಲ್ ನೆಗೆಟಿವ್ ಮಾರ್ಜಿನ್ ಇರುತ್ತದೆ, ಅಂದರೆ ಅದು ಅಷ್ಟು ಹೊರಗೆ ಚಾಚುತ್ತದೆ. ‘ಕಂಟೇನರ್’ ಎಂಬ ಹೊರ ಡಬ್ಬಿಯ ಒಳಗಿದ್ದರೆ ಅದರ 12 ಪಿಕ್ಸೆಲ್ ಪ್ಯಾಡಿಂಗ್ (ಒಳ ಅಂಚಿನ ಜಾಗ) ಈ ಚಾಚನ್ನು ನುಂಗುತ್ತದೆ. ಬಾಡಿಯಲ್ಲೇ ನೇರ ರೋ ಇಟ್ಟರೆ ನುಂಗುವವರಿಲ್ಲ. ಕಂಟೇನರ್ ಇದ್ದೂ ಜಾರಿದರೆ ಕಾರ್ಡುಗಳ ನಡುವಿನ ಅಂತರ ಹೆಚ್ಚಿಸುವ ‘ಜಿ-5’ ಕ್ಲಾಸ್ ಹಾಕಿದ್ದೀರಾ ನೋಡಿ. ಆಗ ಚಾಚು 24 ಪಿಕ್ಸೆಲ್ ಆಗುವುದರಿಂದ ಕಂಟೇನರಿಗೆ ಅಷ್ಟೇ ಎಡಬಲ ಪ್ಯಾಡಿಂಗ್ ಕೊಡುವ ‘ಪಿಎಕ್ಸ್-4’ ಸೇರಿಸಬೇಕು.

ಇನ್ನು ಕಾರ್ಡುಗಳು. ಬೂಟ್‌ಸ್ಟ್ರಾಪ್ ಪ್ರತಿ ಸಾಲನ್ನು 12 ಪಾಲು ಮಾಡುತ್ತದೆ. ಪ್ರತಿ ಗೊಂಬೆಯ ಡಿವ್‌ಗೆ ‘ಕಾಲ್-6’, ‘ಕಾಲ್-ಎಂಡಿ-4’, ‘ಕಾಲ್-ಎಲ್‌ಜಿ-3’ ಮೂರನ್ನೂ ಒಟ್ಟಿಗೆ ಕೊಡಿ: ಫೋನಿನಲ್ಲಿ ಸಾಲಿಗೆ ಎರಡು, 768 ಪಿಕ್ಸೆಲ್‌ನಿಂದ ಮೂರು, 992ರಿಂದ ನಾಲ್ಕು. ಕಾರ್ಡಿಗೆ ‘ಎಚ್-100’ ಹಾಕಿದರೆ ಒಂದು ಸಾಲಿನ ಕಾರ್ಡುಗಳೆಲ್ಲ ಒಂದೇ ಎತ್ತರ. ಚಿತ್ರಕ್ಕೆ ಮಾತ್ರ ‘ಆಬ್ಜೆಕ್ಟ್-ಫಿಟ್-ಕವರ್’ ಬೇಡ, ನಿಂತ ಗೊಂಬೆಯ ತಲೆಯೇ ಕತ್ತರಿಸಿಹೋಗುತ್ತದೆ. ಚಿತ್ರ ಪೂರ್ತಿ ಕಾಣುವ ‘ಆಬ್ಜೆಕ್ಟ್-ಫಿಟ್-ಕಂಟೇನ್’ ಇರಲಿ. ಫೋನಿನಲ್ಲಿ ತೆಗೆದ ಫೋಟೊಗಳನ್ನು ಹಾಗೇ ಏರಿಸಬೇಡಿ. 800 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿದರೆ ಸಾಕು.

ಪ್ರಶ್ನೆ: ಜೀನ್ಸ್ ಅಂಗಡಿಯ ಸೈಟ್. ಮೂರು ಗೆರೆಯ ಬಟನ್ ಒತ್ತಿದರೆ ಮೆನು ತೆರೆಯುವುದಿಲ್ಲ. ಬೂಟ್‌ಸ್ಟ್ರಾಪ್‌ನ ಮುಖ್ಯ ಬಣ್ಣ ‘ಬಿಎಸ್-ಪ್ರೈಮರಿ’ ಬದಲಿಸಿದರೂ ಬಟನ್ ಹಳೇ ನೀಲಿಯೇ.
– ಓದುಗರು, ಬಳ್ಳಾರಿ

ಉತ್ತರ: ಹಳೆಯ 4ನೇ ಆವೃತ್ತಿಯ ಪಾಠ ನೋಡಿ ಮೆನು ಬರೆದು, ಫೈಲ್ ಮಾತ್ರ 5ನೆಯದು ಸೇರಿಸಿದಂತಿದೆ. 2021ರಲ್ಲಿ ಬಂದ 5ರಲ್ಲಿ ‘ಡೇಟಾ-ಟಾಗಲ್’ ಹೋಗಿ ‘ಡೇಟಾ-ಬಿಎಸ್-ಟಾಗಲ್’ ಆಯಿತು. ‘ಡೇಟಾ-ಟಾರ್ಗೆಟ್’ ಕೂಡ ಹಾಗೆಯೇ. ಎಡ ಮಾರ್ಜಿನ್ನಿನ ‘ಎಂಎಲ್-ಆಟೊ’ ಈಗ ‘ಎಂಎಸ್-ಆಟೊ’. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹ ಬೇಕಿಲ್ಲ, ಬೂಟ್‌ಸ್ಟ್ರಾಪ್‌ನ ಬಂಡಲ್ ಜೆಎಸ್ (ಜಾವಾಸ್ಕ್ರಿಪ್ಟ್) ಫೈಲನ್ನು ಬಾಡಿ ಮುಗಿಯುವ ಮುಂಚೆ ಇಡಿ. ಅಂತರ್ಜಾಲದ ಪಾಠಗಳಲ್ಲಿ ಮೊದಲು ಆವೃತ್ತಿ ನೋಡುವುದು ಒಳ್ಳೆಯದು. ಎಷ್ಟೋ ಪಾಠಗಳು ಇನ್ನೂ 4ರಲ್ಲೇ ನಿಂತಿವೆ.

ಬಣ್ಣದ ಮಾತು: ಬೂಟ್‌ಸ್ಟ್ರಾಪ್‌ನ ಸಿದ್ಧ ವಿನ್ಯಾಸದ ಸಿಎಸ್‌ಎಸ್ ಫೈಲಿನಲ್ಲಿ ‘ಬಿಟಿಎನ್-ಪ್ರೈಮರಿ’ಯ ಬಣ್ಣ ಬಟನ್ನಿನೊಳಗೇ ಪ್ರತ್ಯೇಕ ಬರೆದಿರುತ್ತದೆ. 5.2 ಅಥವಾ ನಂತರದ ಆವೃತ್ತಿಯಾದರೆ ಆ ಕ್ಲಾಸಿನಲ್ಲೇ ‘ಬಿಎಸ್-ಬಿಟಿಎನ್-ಬಿಜಿ’ ಬದಲಿಸಿ. ಹೋವರ್ (ಮೌಸ್ ಮೇಲೆ ಬಂದಾಗ), ಆಕ್ಟಿವ್ (ಒತ್ತಿದಾಗ), ಬಾರ್ಡರ್ (ಅಂಚು) ವೇರಿಯಬಲ್‌ಗಳನ್ನು ಮರೆತರೆ ಬೆರಳು ತಾಗಿದಾಗ ಮತ್ತೆ ನೀಲಿ ಇಣುಕುತ್ತದೆ. ನಿಮ್ಮ ಸಿಎಸ್‌ಎಸ್ ಲಿಂಕ್ ಬೂಟ್‌ಸ್ಟ್ರಾಪ್ ಲಿಂಕಿನ ಕೆಳಗಿರಬೇಕು.

ಪ್ರಶ್ನೆ: ಕನ್ನಡ ಶೀರ್ಷಿಕೆ ಎರಡು ಸಾಲಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.
– ಓದುಗರು, ಸಿಂಧನೂರು

ಉತ್ತರ: ಶೀರ್ಷಿಕೆಗಳಿಗೆ ಬೂಟ್‌ಸ್ಟ್ರಾಪ್ ಕೊಡುವ ಲೈನ್-ಹೈಟ್ (ಸಾಲಿನ ಎತ್ತರ) 1.2. ಇಂಗ್ಲಿಷಿಗೆ ಸಾಕು. ‘ರಾಷ್ಟ್ರೀಯ’ದಂಥ ಪದದ ಕೆಳಗೆ ‘ಕೀರ್ತಿ’ ಬಂದರೆ ಒತ್ತೂ ಗುಡಿಸೂ ಡಿಕ್ಕಿ ಹೊಡೆಯುತ್ತವೆ. ಶೀರ್ಷಿಕೆಗೆ 1.5, ಪ್ಯಾರಾಕ್ಕೆ 1.7 ಕೊಟ್ಟು ನೋಡಿ. ಫಾಂಟ್ ಪಟ್ಟಿಯಲ್ಲಿ ನೋಟೊ ಸಾನ್ಸ್ ಕನ್ನಡ ಸೇರಿಸಿ, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಮುಟ್ಟಬೇಡಿ.