ಥಾರ್‌ಗೆ ಎರಡಿಂಚು ಲಿಫ್ಟ್ ಆದಮೇಲೆ ಮುಂದಿನ ಅಪ್ಪರ್ ಆರ್ಮ್ ಯಾವುದು ಹಾಕಬೇಕು?

ಭಾವ, ನೀವು ಕೇಳಿದ್ದನ್ನ ಒಟ್ಟು ಮಾಡಿದರೆ ಹೀಗೆ: 2020ರ ನಂತರದ ಮಹೀಂದ್ರ ಥಾರ್, ಎರಡಿಂಚು ಲಿಫ್ಟ್ ಹಾಕಿಸಿದ್ದೀರಿ, ಅಂದರೆ ಗಾಡಿಯನ್ನ ಅಷ್ಟು ಎತ್ತರಿಸಿದ್ದೀರಿ. ಈಗ ಮುಂದಿನ ಅಪ್ಪರ್ ಆರ್ಮ್ (ಚಕ್ರವನ್ನ ಚಾಸಿಗೆ ಹಿಡಿದಿಡುವ ಎರಡು ತೋಳುಗಳಲ್ಲಿ ಮೇಲಿನದು) ಬದಲಿಸಬೇಕು ಅಂತಿದ್ದೀರಿ. ತೋಟದ ರಸ್ತೆಯಲ್ಲಿ ಮುಂದಿನ ಚಕ್ರ ಗುಂಡಿಗೆ ಇಳಿದಾಗ ಟಣ್ ಅಂತ ಶಬ್ದ. ದೇವಿಮನೆ ಘಟ್ಟದಲ್ಲಿ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಅಂಗಡಿಯವರು ಎರಡು ನಮೂನೆ ಆರ್ಮ್ ತೋರಿಸಿದ್ದಾರೆ, ಒಂದು ಯೂನಿಬಾಲಿನದು (ಚಕ್ರದ ತುದಿಗೆ ತೆರೆದ ಗುಂಡಿನ ಬೇರಿಂಗ್), ಇನ್ನೊಂದು ರಬ್ಬರ್ ಬುಶ್ಶಿನದು (ಚಾಸಿಯ ತುದಿಗೆ ರಬ್ಬರಿನ ಒಳಪದರ). ಲೇತಿನವರು ಬಾಕ್ಸ್ ಪೈಪಿನಲ್ಲಿ ಅರ್ಧ ರೇಟಿಗೆ ಮಾಡಿಕೊಡುತ್ತೇನೆ ಅಂದಿದ್ದಾರೆ.

ನನ್ನ ಉತ್ತರ: ರಬ್ಬರ್ ಬುಶ್, ಮುಚ್ಚಿದ ಬಾಲ್ ಜಾಯಿಂಟ್ (ಚಕ್ರದ ಕಡೆ ಎಲ್ಲ ದಿಕ್ಕಿಗೂ ಬಾಗುವ ಗುಂಡಿನ ಕೀಲು), ಸ್ಟೀಲ್ ಪೈಪಿನದು. ಕೆಳಗಿನ ಆರ್ಮ್ ಕಂಪನಿಯದೇ ಇರಲಿ. ಲೇತಿನದು ಬೇಡವೇ ಬೇಡ. ಆದರೆ ದುಡ್ಡು ಕೊಡುವ ಮೊದಲು ಆರ್ಮೇ ಬೇಕೋ ಅಂತ ನೋಡಿಕೊಳ್ಳಿ, ಎಷ್ಟೋ ಗಾಡಿಗೆ ಬೇಕಾಗಿರುವುದಿಲ್ಲ.

ಲಿಫ್ಟ್ ಹೇಗೆ ಮಾಡಿದ್ದು ಅಂತ ಬರೆದಿಲ್ಲ. ಶಾಕಿನ (ಶಾಕ್ ಅಬ್ಸಾರ್ಬರಿನ) ತಲೆ ಮೇಲೆ ಸ್ಪೇಸರ್, ಅಂದರೆ ಎತ್ತರಕ್ಕೆ ಇಡುವ ಬಿಲ್ಲೆ, ಇಟ್ಟಿದ್ದಾದರೆ ಒಂದು ವಿಷಯ ಗೊತ್ತಿರಲಿ. ಶಾಕು ಕೆಳಗಿನ ಆರ್ಮಿನ ನಡುವೆ ಕೂತಿರುತ್ತದೆ, ಚಕ್ರದ ಹತ್ತಿರ ಅಲ್ಲ. ಹಾಗಾಗಿ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಕಡೆ ಅದರ ಒಂದೂವರೆಯಿಂದ ಎರಡು ಪಟ್ಟು ಎತ್ತರ ಬರುತ್ತದೆ. ಇನ್ನೊಂದು, ಶಾಕಿನ ಉದ್ದ ಅಷ್ಟೇ ಇದ್ದರೂ ಸ್ಪೇಸರ್ ಅದನ್ನ ಕೆಳಕ್ಕೆ ತಳ್ಳಿರುವುದರಿಂದ, ಚಕ್ರ ಗಾಳಿಯಲ್ಲಿ ತೂಗಿದಾಗ ಮೊದಲಿಗಿಂತ ಇನ್ನೂ ಕೆಳಗೆ ಹೋಗುತ್ತದೆ. ಮೇಲಿನ ಬಾಲ್ ಜಾಯಿಂಟ್ ಬಾಗುವ ಮಿತಿ ಅಲ್ಲೇ ಮುಗಿಯುತ್ತದೆ, ಟಣ್ ಶಬ್ದ ಹೆಚ್ಚಾಗಿ ಅಲ್ಲಿಂದಲೇ ಬರುವುದು.

ನೋಡುವ ಕ್ರಮ: ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ಆರ್ಮ್ ಪೂರ್ತಿ ಇಳಿಬಿಡಿ. ಸ್ಪ್ರಿಂಗ್ ಹಾದುಹೋಗುವ ಕಡೆ ಮೇಲಿನ ಆರ್ಮಿನ ಒಳ ಅಂಚಿನಲ್ಲಿ ಬಣ್ಣ ಕಿತ್ತು ಹೊಳೆಯುವ ಗೆರೆ ಬಿದ್ದಿದೆಯೇ ನೋಡಿ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಒಂದು ಕಡೆ ಅಪ್ಪಚ್ಚಿಯಾಗಿ, ಒಳಗಿನ ಸ್ಟಡ್ (ಜಾಯಿಂಟಿನ ಕಡ್ಡಿ) ಅದು ಕೂತ ಬಟ್ಟಲಿನ ಅಂಚಿಗೆ ತಾಗಿದೆಯೇ ನೋಡಿ. ಈ ಎರಡರಲ್ಲಿ ಒಂದಿದ್ದರೂ ಆರ್ಮ್ ಬದಲಿಸಬೇಕು. ಎರಡೂ ಇಲ್ಲದಿದ್ದರೆ ಸ್ಟೆಬಿಲೈಜರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಸರಳನ್ನ ಚಕ್ರದ ಕಡೆಗೆ ಸೇರಿಸುವ ಕೊಂಡಿ) ಹಿಡಿದು ಅಲ್ಲಾಡಿಸಿ. ಕೆಂಪು ಮಣ್ಣಿನ ರಾಡಿಯಲ್ಲಿ ಓಡುವ ಗಾಡಿಯಲ್ಲಿ ಮೊದಲು ಸಾಯುವುದು ಅದೇ, ರಿಪೇರಿಯೂ ಅಗ್ಗ. ಆಮೇಲೆ ಚಕ್ರ ಮತ್ತೆ ಹಾಕಿ, ಕೆಳಗಿನ ಆರ್ಮಿನ ಅಡಿಗೆ ಜ್ಯಾಕ್ ಕೊಟ್ಟು ಎತ್ತಿ, ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಜ್ಯಾಕ್ ಚಾಸಿಗೆ ಕೊಟ್ಟು ಈ ಪರೀಕ್ಷೆ ಮಾಡಿದರೆ ಕೆಳಗಿನ ಜಾಯಿಂಟಿನ ಮೇಲೆ ಸ್ಪ್ರಿಂಗಿನ ಒತ್ತಡ ಉಳಿದು ಸಡಿಲ ಗೊತ್ತಾಗುವುದಿಲ್ಲ.

ಚಕ್ರ ಇಳಿಬಿಟ್ಟಾಗಲೇ ಗೇರ್ ನ್ಯೂಟ್ರಲ್ ಮಾಡಿ, ಫೋರ್ ವೀಲ್ ಬಿಡಿಸಿ, ಹಬ್ ಕೈಯಲ್ಲಿ ತಿರುಗಿಸಿ. ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟ್ ಎಲ್ಲಾದರೂ ಹಿಡಿದು ಹಿಡಿದು ತಿರುಗಿದರೆ, ಅಥವಾ ಅದರ ರಬ್ಬರ್ ಬೂಟಿನ ಮಡಿಕೆ ಒಂದಕ್ಕೊಂದು ಉಜ್ಜಿದರೆ, ಯಾವ ಆರ್ಮ್ ಹಾಕಿಯೂ ಪ್ರಯೋಜನ ಇಲ್ಲ. ಅದು ಶಾಫ್ಟಿನ ಕೋನದ ಸಮಸ್ಯೆ, ಎತ್ತರವನ್ನೇ ಇಳಿಸಬೇಕು. ಸ್ಪೇಸರ್ ತೆಳುವಾದದ್ದು ಹಾಕಿ ನೆಮ್ಮದಿಯಾಗಿರಿ.

ಸ್ಟೇರಿಂಗ್ ನೇರಕ್ಕೆ ಬಾರದಿರುವುದು ಹೆಚ್ಚಾಗಿ ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ, ಸ್ಟೇರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದ ಲಕ್ಷಣ. ಗಾಡಿ ಎತ್ತರವಾದಾಗ ಸಾಮಾನ್ಯವಾಗಿ ಕ್ಯಾಸ್ಟರ್ ಇಳಿಯುತ್ತದೆ, ಕ್ಯಾಂಬರ್ ಪಾಸಿಟಿವ್ ಕಡೆ ಸರಿಯುತ್ತದೆ (ಚಕ್ರದ ತಲೆ ಹೊರಕ್ಕೆ ವಾಲುತ್ತದೆ), ಕಂಪನಿ ಕೊಟ್ಟ ಹೊಂದಾಣಿಕೆಯಲ್ಲಿ ಅದನ್ನ ಪೂರ್ತಿ ಹಿಂದಕ್ಕೆ ತರಲಾಗುವುದಿಲ್ಲ. ಹೊಸ ಅಪ್ಪರ್ ಆರ್ಮಿನ ನಿಜವಾದ ಕೆಲಸ ಇದು: ಬಾಲ್ ಜಾಯಿಂಟನ್ನ ಸ್ವಲ್ಪ ಹಿಂದಕ್ಕೆ ಸರಿಸಿ ಕ್ಯಾಸ್ಟರ್ ವಾಪಸ್ ಕೊಡುವುದು, ಜೊತೆಗೆ ಜಾಯಿಂಟನ್ನ ಬೇರೆ ಕೋನದಲ್ಲಿ ಕೂರಿಸಿ ಇಳಿತಕ್ಕೆ ಜಾಗ ಮಾಡುವುದು. ಗಟ್ಟಿತನ ಎರಡನೇ ಮಾತು. ಅಂಗಡಿಯವರು 'ಹೆವಿ ಡ್ಯೂಟಿ' ಅನ್ನುವುದಕ್ಕೆ ಕಿವಿ ಕೊಡಬೇಡಿ. ಎಷ್ಟು ಡಿಗ್ರಿ ಕ್ಯಾಸ್ಟರ್ ಕೂಡಿಸುತ್ತದೆ, ಎಷ್ಟು ಲಿಫ್ಟಿಗೆ ಮಾಡಿದ್ದು ಅಂತ ಕೇಳಿ. ಸಂಖ್ಯೆ ಹೇಳಲಾಗದಿದ್ದರೆ ಅದು ಕಂಪನಿ ಆರ್ಮಿನದೇ ಆಕಾರಕ್ಕೆ ದಪ್ಪ ಪೈಪ್ ಹಾಕಿದ್ದು ಅಷ್ಟೆ. ಕ್ಯಾಸ್ಟರ್ ಹೆಚ್ಚಾದಾಗ ಚಕ್ರ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ ಅನ್ನುವುದೂ ನೆನಪಿರಲಿ. ದೊಡ್ಡ ಟಯರ್ ಹಾಕಿದ್ದರೆ ಪೂರ್ತಿ ತಿರುಗಿಸಿದಾಗ ಚಕ್ರದ ಗೂಡಿನ ಒಳಗಿನ ಲೈನರಿನ ಹಿಂಬದಿಗೆ ಉಜ್ಜಬಹುದು.

ಈಗ ಜಾಯಿಂಟಿನ ವಿಷಯ, ನಮ್ಮ ಕಡೆಗೆ ಇದೇ ಮುಖ್ಯ. ಯೂನಿಬಾಲ್ ತುಂಬಾ ಬಾಗುತ್ತದೆ, ನೋಡಲೂ ಚೆಂದ, ಮರಳುಗಾಡಿನ ರೇಸಿಗೆ ಸರಿ. ಆದರೆ ಅದು ತೆರೆದ ಬೇರಿಂಗ್. ಶಿರಸಿ ಸಿದ್ದಾಪುರದ ಜೂನ್–ಸೆಪ್ಟೆಂಬರ್ ಮಳೆ, ಜಂಬಿಟ್ಟಿಗೆ ಮಣ್ಣಿನ ನಯ ಪುಡಿ, ಮೇಲಿಂದ ವಾರಕ್ಕೊಮ್ಮೆ ಕುಮಟಾ–ಕಾರವಾರದ ಉಪ್ಪುಗಾಳಿ. ಬೇರಿಂಗಿನ ಒಳಪದರ ಸವೆದು ಟಕ್ ಟಕ್ ಶುರುವಾದರೆ ಗ್ರೀಸ್ ಹೊಡೆದು ಸುಮ್ಮನಿರಿಸುವ ದಾರಿ ಇಲ್ಲ, ಬಾಲನ್ನೇ ಬದಲಿಸಬೇಕು. ಕೆಲವದರ ಮೇಲಿನ ಟೋಪಿ ಎತ್ತರ ಇರುವುದರಿಂದ 16 ಇಂಚಿನ ರಿಮ್ಮಿಗೆ ಒಳಗಿಂದ ತಾಗುವುದೂ ಉಂಟು. ಮುಚ್ಚಿದ ಬಾಲ್ ಜಾಯಿಂಟು, ಗ್ರೀಸ್ ನಿಪ್ಪಲ್ ಇರುವಂಥದ್ದು ನೋಡಿ. ಜಾಯಿಂಟು ಬೋಲ್ಟ್ ಹಾಕಿ ಕೂರಿಸಿದ್ದೋ ಒತ್ತಿ ಕೂರಿಸಿದ್ದೋ, ಬಿಡಿಯಾಗಿ ಸಿಗುತ್ತದೋ ಅಂತ ಕೇಳಿ. ಬಿಡಿ ಜಾಯಿಂಟ್ ಸಿಗದ ಆರ್ಮ್ ತಗೊಂಡರೆ ಮುಂದೊಂದು ದಿನ ಇಡೀ ಆರ್ಮನ್ನೇ ಮತ್ತೆ ತಗೊಳ್ಳಬೇಕು.

ಚಾಸಿ ಕಡೆಯ ಬುಶ್ಶಿನಲ್ಲಿ ಪಾಲಿಯುರೆಥೇನ್ ಬೇಕೋ ರಬ್ಬರೋ ಅಂತ ವಾದ ಯಾವಾಗಲೂ ನಡೆಯುತ್ತದೆ. ಪಾಲಿ ಬುಶ್ ಗಟ್ಟಿ, ಸ್ಟೇರಿಂಗ್ ಚುರುಕು. ಆದರೆ ಅದು ಲೋಹದ ಕೊಳವೆಯೊಳಗೆ ತಿರುಗುವ ಬುಶ್, ಒಳಗೆ ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ಹಾಕುವುದಾದರೆ ನಿಪ್ಪಲ್ ಇರಲೇಬೇಕು, ಸಿಲಿಕೋನ್ ಆಧಾರದ ಗ್ರೀಸೇ ಆಗಬೇಕು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೊಡೆಯಬೇಕು. ಇಷ್ಟು ತಾಳ್ಮೆ ಇದ್ದವರಿಗೆ ಪಾಲಿ ಆದೀತು. ರಬ್ಬರ್ ಬುಶ್ಶಿಗೆ ಏನೂ ಬೇಡ, ಪೆಟ್ಟನ್ನೂ ನುಂಗಿಕೊಳ್ಳುತ್ತದೆ.

ಲೇತಿನದು ಯಾಕೆ ಬೇಡ ಅಂದರೆ ಬೆಸುಗೆ ಒಂದೇ ಕಾರಣ ಅಲ್ಲ. ಜಾಯಿಂಟಿನ ಸ್ಟಡ್ಡಿನ ಟೇಪರ್ (ಕಿರಿದಾಗುತ್ತ ಹೋಗುವ ಆಕಾರ) ನಕಲ್ಲಿನ (ಚಕ್ರದ ಹಬ್ ಹೊತ್ತ ತುಂಡಿನ) ಟೇಪರಿಗೆ ಪಕ್ಕಾ ಕೂರಬೇಕು. ಸ್ವಲ್ಪ ವ್ಯತ್ಯಾಸ ಇದ್ದರೂ ನಟ್ ಬಿಗಿಯಾದ ಹಾಗೆ ಅನ್ನಿಸುತ್ತದೆ, ಒಳಗೆ ಸ್ಟಡ್ ಅಲ್ಲಾಡಿ ತೂತು ಅಗಲವಾಗುತ್ತದೆ. ಎಡಬಲ ಎರಡೂ ಒಂದೇ ಅಳತೆಗೆ ಬರಬೇಕಾದರೆ ಜಿಗ್ (ಅಳತೆಗೆ ಹಿಡಿದಿಡುವ ಅಚ್ಚು) ಬೇಕು. ಅದರ ಮೇಲೆ, ಆರ್ಮ್ ವಿಪರೀತ ಗಟ್ಟಿಯಾದರೆ ಕಲ್ಲಿಗೆ ಬಡಿದ ಪೆಟ್ಟು ಆರ್ಮ್ ಬಾಗಿಸದೆ ಚಾಸಿಯ ಬ್ರಾಕೆಟ್ಟಿಗೆ ಹೋಗುತ್ತದೆ. ಬಾಗಿದ ಆರ್ಮ್ ಬದಲಿಸಬಹುದು. ಹರಿದ ಬ್ರಾಕೆಟ್ ಅಂದರೆ ಚಾಸಿ ಕೆಲಸ. ಕೆಳಗಿನ ಆರ್ಮ್ ಕಂಪನಿಯದೇ ಇರಲಿ ಅಂದದ್ದೂ ಇದಕ್ಕೇ. ಗಾಡಿಯ ಭಾರ ಸ್ಪ್ರಿಂಗಿನ ಮೂಲಕ ಅದರ ಮೇಲೇ ಕೂರುವುದು.

ಅಲ್ಯುಮಿನಿಯಂ ಆರ್ಮ್ ಹಗುರ ನಿಜ. ಕರಾವಳಿಯಲ್ಲಿ ಸ್ಟೀಲ್ ಬೋಲ್ಟ್ ಅದರೊಳಗೆ ಕಚ್ಚಿಕೊಂಡು ಬಿಳಿ ಪುಡಿ ಕಟ್ಟುತ್ತದೆ, ಬಿಚ್ಚುವಾಗ ಬೋಲ್ಟ್ ಮುರಿಯುತ್ತದೆ. ಸ್ಟೀಲ್ ಪೈಪಿನದಾದರೆ ಪೈಪಿನ ತುದಿ ಪೂರ್ತಿ ಮುಚ್ಚಿರಬೇಕು, ಇಲ್ಲವೇ ನೀರು ಇಳಿಯಲು ತೂತು ಇರಬೇಕು. ಅರ್ಧಂಬರ್ಧ ತೆರೆದದ್ದು ಒಳಗಿಂದ ತುಕ್ಕು ಹಿಡಿಯುತ್ತದೆ, ಮೇಲಿನ ಪೌಡರ್ ಕೋಟ್ ಮಾತ್ರ ಹೊಸದರಂತೆ ಕಾಣುತ್ತಿರುತ್ತದೆ. ತೂತಿದ್ದರೆ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ.

ಹಾಕಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಬಾಲ್ ಜಾಯಿಂಟಿನ ನಟ್ಟನ್ನ ಪೂರ್ತಿ ಬಿಚ್ಚದೆ ಎರಡು ಮೂರು ಸುತ್ತು ಸಡಿಲ ಮಾಡಿ, ನಕಲ್ಲಿನ ಪಕ್ಕಕ್ಕೆ ಸುತ್ತಿಗೆಯಿಂದ ಗಟ್ಟಿ ಪೆಟ್ಟು ಕೊಟ್ಟರೆ ಟೇಪರ್ ಬಿಡುತ್ತದೆ. ನಕಲ್ಲನ್ನ ತಂತಿಯಲ್ಲಿ ಚಾಸಿಗೆ ಕಟ್ಟಿ, ಬ್ರೇಕ್ ಹೋಸ್ ಮೇಲೆ ನೇತಾಡಬಾರದು, ಎಬಿಎಸ್ ವೈರಿನ ಕ್ಲಿಪ್ ಮೊದಲೇ ಬಿಡಿಸಿರಬೇಕು. ಹೊಸ ಸ್ಟಡ್ಡಿನ ಟೇಪರಿಗೆ ಗ್ರೀಸ್ ಹಚ್ಚಬಾರದು, ಒಣಗಿದ ಸ್ವಚ್ಛ ಲೋಹಕ್ಕೆ ಲೋಹವೇ ಕೂರಬೇಕು. ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್) ಹಳೆಯದು ಬೇಡ, ಸ್ಪ್ಲಿಟ್ ಪಿನ್ ಹೊಸದು.

ರಬ್ಬರ್ ಬುಶ್ಶಿನ ಬೋಲ್ಟನ್ನ ಚಕ್ರ ನೇತಾಡುತ್ತಿರುವಾಗ ಬಿಗಿಮಾಡಬೇಡಿ. ಅರ್ಧಕ್ಕರ್ಧ ಮೆಕ್ಯಾನಿಕ್ಕರು ತಪ್ಪುವುದು ಇಲ್ಲೇ. ರಬ್ಬರ್ ಒಳಗಿನ ಲೋಹದ ಕೊಳವೆಗೂ ಹೊರಗಿನದಕ್ಕೂ ಅಂಟಿರುತ್ತದೆ. ಇಳಿದ ಸ್ಥಿತಿಯಲ್ಲಿ ಬಿಗಿಮಾಡಿದರೆ ಗಾಡಿ ನೆಲದ ಮೇಲೆ ನಿಂತಾಗೆಲ್ಲ ಅದು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ತಪ್ಪುತ್ತದೆ. ಕೈಯಲ್ಲಿ ಬಿಗಿಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ, ಬಂಪರ್ ಒತ್ತಿ ನಾಲ್ಕು ಸಲ ಕುಣಿಸಿ, ಆಮೇಲೆ ಸರ್ವಿಸ್ ಮ್ಯಾನ್ಯುಯಲ್‌ನ ಟಾರ್ಕಿಗೆ ಬಿಗಿಮಾಡಿಸಿ. ಬೋಲ್ಟಿಗೂ ಬ್ರಾಕೆಟ್ಟಿಗೂ ಬಣ್ಣದ ಗೆರೆ ಎಳೆದಿಡಿ, ಮುಂದೆ ಸಡಿಲಾದರೆ ಕಣ್ಣಿಗೆ ಕಾಣುತ್ತದೆ. 500 ಕಿ.ಮೀ. ಆದಮೇಲೆ ಒಮ್ಮೆ ಪರೀಕ್ಷಿಸಿ. ಅಲೈನ್‌ಮೆಂಟ್ ಅದೇ ದಿನ ಆಗಬೇಕು, ಎಡಬಲದ ಕ್ಯಾಸ್ಟರ್ ವ್ಯತ್ಯಾಸ ಅರ್ಧ ಡಿಗ್ರಿ ದಾಟಬಾರದು, ದಾಟಿದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಕೆಳಗೆ ಮಾರುತಿ ಜಿಮ್ನಿಯವರೊಬ್ಬರು ಇದೇ ಆರ್ಮ್ ಆದೀತೇ ಕೇಳಿದ್ದಾರೆ: ಇಲ್ಲ ಮಾರಾಯ್ರೆ, ಜಿಮ್ನಿ ಮುಂದೆ ಎರಡೂ ಚಕ್ರ ಸೇರಿಸುವ ಇಡೀ ಆಕ್ಸಲ್, ಅಲ್ಲಿ ಅಪ್ಪರ್ ಆರ್ಮ್ ಅನ್ನುವುದೇ ಇಲ್ಲ. ಹಳೇ ಥಾರ್ ಟಾರ್ಶನ್ ಬಾರಿನದು (ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು), ಐದು ಬಾಗಿಲಿನ ಥಾರ್ ರಾಕ್ಸಿನ ಚಾಸಿ ಬೇರೆ, ಅವಕ್ಕೆ ಪಾರ್ಟ್ ನಂಬರ್ ಹೊಂದಿಸಿ ನೋಡದೆ ತರಬೇಡಿ.

ಲಿಫ್ಟ್ ಮಾಡಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದ ಚೀಟಿ ಇದ್ದರೆ ಫೋಟೋ ಹಾಕಿ ಭಾವ. ಕ್ಯಾಸ್ಟರ್ ಎಷ್ಟು ಇಳಿದಿದೆ ನೋಡಿ ಎಷ್ಟು ಡಿಗ್ರಿಯ ಆರ್ಮ್ ಬೇಕು ಅಂತ ಹೇಳುವ.