ಜೇನಿಗೆ ಕೊಡುವ ಸಕ್ಕರೆ ಪಾಕಕ್ಕೆ ಏನಾದರೂ ಬೆರೆಸಬೇಕಾ?

ಪ್ರಶ್ನೆ: ಹೂವಿಲ್ಲದ ದಿನಗಳಲ್ಲಿ ನನ್ನ ಜೇನು ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಇಡುತ್ತೇನೆ. ನಿಂಬೆರಸ ಹಿಂಡಿದರೆ ನೊಣಗಳಿಗೆ ಬೇಗ ಅರಗುತ್ತೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಚಿಟಿಕೆ ಉಪ್ಪು ಹಾಕಿ ಎಂದರು. ಲೆಮನ್‌ಗ್ರಾಸ್ ಎಣ್ಣೆ, ವಿಟಮಿನ್ ಪುಡಿ ಎಲ್ಲವೂ ಮಾರಾಟಕ್ಕಿವೆ. ಯಾವುದನ್ನು, ಎಷ್ಟು ಹಾಕಲಿ?

ಉತ್ತರ: ಯಾವುದೂ ಬೇಡ. ಬಿಳಿ ಸಕ್ಕರೆ, ಶುದ್ಧ ನೀರು, ಇಷ್ಟೇ ಸಾಕು.

ನಿಂಬೆರಸದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಹುಳಿ ಹಾಕಿ ಕಾಯಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅದು ನಿಜ. ಆದರೆ ಆ ಕೆಲಸ ಮಾಡುವ ಇನ್ವರ್ಟೇಸ್ ಎಂಬ ಕಿಣ್ವ ನೊಣದ ತಲೆಯಲ್ಲಿರುವ ಗ್ರಂಥಿಯಲ್ಲೇ ತಯಾರಾಗುತ್ತದೆ. ಹೂವಿನ ಮಕರಂದದಲ್ಲೂ ಇದೇ ಸಕ್ಕರೆ ಇರುತ್ತದೆ, ಅದನ್ನು ನೊಣಗಳು ದಿನವೂ ಒಡೆಯುತ್ತಲೇ ಇರುತ್ತವೆ ಅಲ್ವಾ? ನಾವು ಒಲೆಯ ಮೇಲೆ ಹುಳಿ ಹಾಕಿ ಒಡೆಯಲು ಹೋದಾಗ ಎಚ್‌ಎಂಎಫ್ ಎಂಬ ವಸ್ತುವೂ ಹುಟ್ಟುತ್ತದೆ. ಪಾಕ ಹೆಚ್ಚು ಕಾದಷ್ಟೂ, ಹೆಚ್ಚು ದಿನ ಇಟ್ಟಷ್ಟೂ ಅದು ಜಾಸ್ತಿಯಾಗುತ್ತದೆ, ಮತ್ತು ಜಾಸ್ತಿಯಾದರೆ ನೊಣಗಳಿಗೆ ವಿಷ. ಕರುಳು ಕೆಡುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಜೇನುತುಪ್ಪವೇ ಹುಳಿ ಗುಣದ್ದು, ಹಾಗಾಗಿ ಪಾಕವೂ ಹುಳಿಯಾಗಿರಲಿ ಎನ್ನುವವರಿದ್ದಾರೆ. ಆದರೆ ಆ ಹುಳಿಯನ್ನೂ ನೊಣಗಳೇ ತಮ್ಮ ಕಿಣ್ವದಿಂದ ಮಾಡಿಕೊಳ್ಳುತ್ತವೆ.

ಉಪ್ಪು ಬೇಕಾದರೆ ನೊಣಗಳು ಹೊರಗೆ ಕೆಸರು ನೀರಿನಲ್ಲಿ ಹುಡುಕಿಕೊಳ್ಳುತ್ತವೆ. ಅಲ್ಲಿ ಬೇಕಾದಷ್ಟು ಹೀರಿ ಬಿಡುವ ಆಯ್ಕೆ ಅವಕ್ಕಿದೆ. ಪಾಕದಲ್ಲಿ ಬೆರೆಸಿಬಿಟ್ಟರೆ ಹಸಿದ ಕುಟುಂಬ ಬೇಡವಾದರೂ ಕುಡಿಯಲೇಬೇಕು.

ಲೆಮನ್‌ಗ್ರಾಸ್ ಎಣ್ಣೆಯ ವಾಸನೆ ನೊಣಗಳು ಒಂದನ್ನೊಂದು ಕರೆಯಲು ಬಿಡುವ ವಾಸನೆಯನ್ನು ಹೋಲುತ್ತದೆ. ಹಿಂಡನ್ನು ಖಾಲಿ ಪೆಟ್ಟಿಗೆಗೆ ಸೆಳೆಯಲು ಅದು ಒಳ್ಳೆಯದೇ. ಪಾಕಕ್ಕೆ ಹಾಕಿದರೆ ಮಾತ್ರ ಪಕ್ಕದ ಬಲವಾದ ಕುಟುಂಬಗಳಿಗೆ ಆಹ್ವಾನ ಕೊಟ್ಟಂತೆ. ಕೊಳ್ಳೆ ಶುರುವಾದರೆ ಬಲವಿಲ್ಲದ ಕುಟುಂಬ ಉಳಿಯುವುದು ಕಷ್ಟ. ಓಮದ ಎಣ್ಣೆಯಲ್ಲಿರುವ ಥೈಮಾಲ್ ಹಾಕಿದರೆ ಪಾಕಕ್ಕೆ ಬೂಸ್ಟು ಹಿಡಿಯುವುದು ತಡವಾಗುತ್ತದೆ, ಇದನ್ನು ಒಪ್ಪುತ್ತೇನೆ. ಆದರೆ ಒಂದೆರಡು ದಿನದಲ್ಲಿ ಮುಗಿಯುವಷ್ಟೇ ಇಟ್ಟು, ಪ್ರತಿ ಸಲ ಪಾತ್ರೆ ತೊಳೆದರೆ ಅದರ ಅಗತ್ಯವೇ ಬರುವುದಿಲ್ಲ.

ಈಗ ವಿಟಮಿನ್ ಪುಡಿ. ನನಗೆ ನಿಜವಾಗಿ ಚಿಂತೆಯಾಗುವುದು ಇಲ್ಲೇ. ಪಾಕ ಕೊಡುವುದು ಶಕ್ತಿ ಮಾತ್ರ. ಮರಿಗಳು ಬೆಳೆಯಲು ಬೇಕಾದ ಪ್ರೋಟೀನ್, ಕೊಬ್ಬು, ವಿಟಮಿನ್ ಎಲ್ಲ ಬರುವುದು ಪರಾಗದಿಂದ. ಪರಾಗವಿಲ್ಲದ ಹೊತ್ತಲ್ಲಿ ತೆಳು ಪಾಕ ಕೊಡುತ್ತಾ ಹೋದರೆ ರಾಣಿ ಮೊಟ್ಟೆ ಇಡುವುದನ್ನು ಹೆಚ್ಚಿಸಬಹುದು, ಆಮೇಲೆ ಆ ಮರಿಗಳಿಗೆ ತಿನ್ನಿಸಲು ದಾದಿ ನೊಣಗಳ ಬಳಿ ಏನೂ ಇರುವುದಿಲ್ಲ. ಚಿಟಿಕೆ ಪುಡಿ ಆ ಕೊರತೆ ತುಂಬುವುದಿಲ್ಲ. ಎರಿ (ನೊಣಗಳು ಕಟ್ಟುವ ಮೇಣದ ಕೋಶಗಳ ಹಲಗೆ) ತೆಗೆದು ನೋಡಿ: ಮರಿಗಳ ಸುತ್ತ ಪರಾಗದ ಕೋಶಗಳು ಕಾಣದಿದ್ದರೆ ಪರಾಗವನ್ನೋ ಅದರ ಬದಲಿ ಆಹಾರವನ್ನೋ ಉಂಡೆ ಮಾಡಿ, ಪಾಕದಿಂದ ಬೇರೆಯಾಗಿ ಎರಿಗಳ ಮೇಲೆ ಇಡಿ.

ಆಂಟಿಬಯೋಟಿಕ್ ಅಂತೂ ಸುಮ್ನೆ ಮುನ್ನೆಚ್ಚರಿಕೆಗೆಂದು ಎಂದೂ ಬೆರೆಸಬೇಡಿ. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ತುಪ್ಪದಲ್ಲೂ ಔಷಧಿ ಉಳಿಯುತ್ತದೆ.

ಹದ ಹೀಗೆ. ಮರಿ ಬೆಳೆಸಲು ತೂಕದಲ್ಲಿ 1 ಪಾಲು ಸಕ್ಕರೆಗೆ 1 ಪಾಲು ನೀರು, ಕೂಡಿಡಲು 2 ಪಾಲು ಸಕ್ಕರೆಗೆ 1 ಪಾಲು ನೀರು. ನೀರು ಕುದಿಸಿ ಇಳಿಸಿದ ಮೇಲೆ ಸಕ್ಕರೆ ಹಾಕಿ ಕಲಕಿ. ಪಾಕವನ್ನು ಒಲೆಯ ಮೇಲೆ ಕುದಿಸಬೇಡಿ. ತಣ್ಣಗಾದ ಮೇಲೆ, ಸಂಜೆ, ಪೆಟ್ಟಿಗೆಯ ಒಳಗೇ ಇಡಿ. ನೀವು ತೆಗೆಯಲಿರುವ ತುಪ್ಪದ ಎರಿಗಳು ಮೇಲಿದ್ದಾಗ ಪಾಕ ಬೇಡ, ಅದು ತುಪ್ಪಕ್ಕೇ ಸೇರಿಬಿಡುತ್ತದೆ.

ಪ್ರಶ್ನೆ: ಬಿಳಿ ಸಕ್ಕರೆಗಿಂತ ಬೆಲ್ಲದಲ್ಲಿ ಸತ್ವ ಜಾಸ್ತಿ. ಅದನ್ನೇ ಕೊಡಬಹುದಲ್ಲ?

ಉತ್ತರ: ನಮಗೆ ಸತ್ವವಾಗಿರುವುದು ನೊಣಕ್ಕೆ ಕಷ್ಟ. ಬೆಲ್ಲದಲ್ಲಿರುವ ಲವಣ ಮತ್ತಿತರ ಅಂಶಗಳು ಜೀರ್ಣವಾಗದೆ ಕರುಳಲ್ಲಿ ತುಂಬಿಕೊಳ್ಳುತ್ತವೆ. ಆರೋಗ್ಯವಾಗಿರುವ ನೊಣ ಹೊರಗೆ ಹಾರಿಹೋಗಿ ವಿಸರ್ಜಿಸುತ್ತದೆ, ಆದರೆ ಮಳೆಗೋ ಚಳಿಗೋ ದಿನಗಟ್ಟಲೆ ಒಳಗೇ ಕೂತರೆ ಭೇದಿ ಶುರುವಾಗುತ್ತದೆ. ಎರಿಗಳ ಮೇಲೆ, ಬಾಗಿಲ ಮುಂದೆ ಕಂದು ಕಲೆಗಳು ಕಂಡರೆ ಬೆಲ್ಲದ ಪಾಕ ತೆಗೆದು ಬಿಳಿ ಸಕ್ಕರೆಯದನ್ನು ಇಡಿ. ಆಮೇಲೂ ಕಲೆ ನಿಲ್ಲದಿದ್ದರೆ ನೊಣದ ಕರುಳಿಗೆ ತಗಲುವ ನೊಸೀಮಾ ರೋಗ ಇರಬಹುದು, ಸತ್ತ ನೊಣಗಳ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಿ.