ಎಲ್‌ಡಿಎಲ್ ನಾರ್ಮಲ್ ಇದ್ದರೂ ಅಪೋ-ಬಿ ಟೆಸ್ಟ್ ಯಾಕೆ?

ಅಪ್ಪನಿಗೆ ಶುಗರ್ ಇದೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98, ಆದರೂ ಕಲಬುರಗಿಯ ಡಾಕ್ಟರು ಅಪೋ-ಬಿ ಬರೆದಿದ್ದಾರೆ, ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ.

ಸುಮ್ನೆ ಅಲ್ಲ. ಎಲ್‌ಡಿಎಲ್ ಲೆಕ್ಕ ಕೊಡುವುದು ಕೊಲೆಸ್ಟ್ರಾಲ್ ಎಷ್ಟಿದೆ ಅಂತ. ಅದನ್ನು ಹೊತ್ತು ತಿರುಗುವ ಕಣಗಳು ಎಷ್ಟಿವೆ ಅಂತ ಹೇಳುವುದು ಅಪೋ-ಬಿ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುವುದು ಈ ಕಣಗಳೇ.

ನಮ್ಮ ಗಂಜ್‌ನಲ್ಲಿ ತೊಗರಿ ಚೀಲ ನೋಡಿದ್ದೀರಲ್ವಾ? ಒಂದು ಕ್ವಿಂಟಲ್ ತೊಗರಿ 50 ಕೆಜಿ ಚೀಲಕ್ಕೆ ತುಂಬಿದರೆ ಎರಡು ಚೀಲ, 25 ಕೆಜಿ ಚೀಲಕ್ಕಾದರೆ ನಾಲ್ಕು. ತೂಕ ಅಷ್ಟೇ, ಚೀಲ ಡಬಲ್. ಅಪೋ-ಬಿ ಅನ್ನುವುದು ಒಂದು ಪ್ರೋಟೀನ್, ಪ್ರತಿ ಕಣಕ್ಕೂ ಒಂದೇ ಒಂದು ಇರುತ್ತದೆ. ಅದನ್ನು ಅಳೆದರೆ ಚೀಲ ಎಣಿಸಿದ ಹಾಗೆ. ಶುಗರ್, ಹೊಟ್ಟೆ ಬೊಜ್ಜು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ ಇರುವವರಲ್ಲಿ ಹೆಚ್ಚಾಗಿ ಸಣ್ಣ ಚೀಲಗಳದ್ದೇ ರಾಶಿ.

ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ರೊಟ್ಟಿ ತಿಂದು ಹೋದರೂ ನಡೆಯುತ್ತದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ ಲಿಪೊಪ್ರೋಟೀನ್-ಎ (ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣ) ಟೆಸ್ಟ್ ಬಗ್ಗೆಯೂ ಡಾಕ್ಟರನ್ನು ಕೇಳಿ. ಅದು ಬಹುಪಾಲು ವಂಶದಿಂದ ಬರುವಂಥದ್ದು, ಪಥ್ಯಕ್ಕೆ ಜಗ್ಗುವುದಿಲ್ಲ. ಲಿಪೊಪ್ರೋಟೀನ್-ಎ ಟೆಸ್ಟ್ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.